ಸುಗುಣಳ ಮನೆಗೆ ಬಂದ ಸಸ್ಯಾಹಾರಿ

ವಂಡ್ಸೆ ಬದಿಯ ಪಶು ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ದನ, ಎಮ್ಮೆ, ಆಡು, ನಾಯಿಗಳಿಗೆ ಸೂಜಿ ಚುಚ್ಚಿ ನಿವೃತ್ತನಾದವನು ನಾನು, ಚಂದಯ್ಯ ಶೆಟ್ಟಿ. ಡಾಕ್ಟರಲ್ಲ, ಬರೀ ಇನ್‌ಸ್ಪೆಕ್ಟರ್. ಆದರೆ ತ್ರಾಸಿಯ ಮೀನು ಮಾರ್ಕೆಟ್ಟಿನಲ್ಲಿ ಎಲ್ಲರೂ ನನ್ನನ್ನು ಕರೆಯುವುದು ‘ಡಾಕ್ಟ್ರೇ’ ಎಂದು. ತಿದ್ದಲು ನಾನೂ ಹೋಗಿಲ್ಲ. ನಾಯಿಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಆ ಜಂಬವನ್ನು ಒಂದೇ ವಾರದಲ್ಲಿ ಇಳಿಸಿದ ನಾಯಿಯನ್ನು ಸುಗುಣಳಿಗೆ ಕೊಡಿಸಿದವನು ನಾನೇ ಆದ್ದರಿಂದ, ಈ ಕತೆ ಹೇಳುವ ಹಕ್ಕೂ ನನ್ನದೇ.

ಸುಗುಣ ನನಗೆ ಹದಿನೆಂಟು ವರ್ಷ ಮೀನು ಕೊಟ್ಟವಳು. ಈಗ ಅವಳಿಗೆ ಐವತ್ತೆರಡು. ಗಟ್ಟಿ ಆಳು, ಅದಕ್ಕಿಂತ ಗಟ್ಟಿ ಗಂಟಲು. ಹೆದ್ದಾರಿಯ ಆಚೆ ಬದಿಯಲ್ಲಿ ಬಸ್ಸಿನಿಂದ ಇಳಿದವನಿಗೆ ಈಚೆಯಿಂದಲೇ ಕರೆದು, ಇವತ್ತು ಕಾಣೆ ಮೀನು ಬಂದಿದೆ, ನಿನ್ನ ಹೆಂಡತಿಗೆ ಇಷ್ಟ ಎಂದು ಹೇಳಿ, ಅವನು ರಸ್ತೆ ದಾಟುವುದರೊಳಗೆ ಮೀನು ಕತ್ತರಿಸಿ ಮುಗಿಸುವ ಹೆಂಗಸು. ಮೀನು ಹಳತು ಎಂದು ಅವಳ ಎದುರು ಮೂಗು ಮುರಿಯಲು ಯಾರಿಗೂ ಧೈರ್ಯವಿರಲಿಲ್ಲ. ನಾನು ಒಂದು ಸಲ ಮುರಿದಿದ್ದೆ. ಮತ್ತೆ ಮುರಿಯಲಿಲ್ಲ.

ಅವಳ ಗಂಡ ಬಚ್ಚ ಮಲ್ಪೆಯಲ್ಲಿ ಬೋಟಿನ ಕೆಲಸಕ್ಕೆ ಹೋಗುವವನು. ಹತ್ತು ದಿನ ಕಡಲಿನಲ್ಲಿದ್ದರೆ ಎರಡು ದಿನ ಮನೆಯಲ್ಲಿ. ಒಬ್ಬಳೇ ಮಗಳು ನವ್ಯಶ್ರೀ ಬ್ರಹ್ಮಾವರಕ್ಕೆ ಮದುವೆಯಾಗಿ ಹೋಗಿ ಅಲ್ಲೇ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಮನೆಯಲ್ಲಿ ಉಳಿದವರು ಸುಗುಣ ಮತ್ತು ಅವಳ ಅತ್ತೆ ಸೀತು. ಇವರಿಬ್ಬರ ಜಗಳ ಇಪ್ಪತ್ತಾರು ವರ್ಷ ನಡೆಯಿತು. ಗಂಜಿ ನೀರಾಯಿತು ಎಂದು ಬೆಳಿಗ್ಗೆ ಸುರುವಾದರೆ, ಸಾರಿಗೆ ಹುಳಿ ಹೆಚ್ಚಾಯಿತು ಎಂದು ಮಧ್ಯಾಹ್ನ, ದೀಪ ಹಚ್ಚಲು ತಡವಾಯಿತು ಎಂದು ಸಂಜೆ. ಕೇಳಿದವರಿಗೆ ಈಗ ಯಾರೋ ಒಬ್ಬರು ಬಾವಿಗೆ ಹಾರುತ್ತಾರೆ ಅನಿಸಬೇಕು. ಯಾರೂ ಹಾರಲಿಲ್ಲ. ಹಿಂದಿನ ವರ್ಷ ಚೌತಿಯ ಮೊದಲಿಗೆ ಸೀತು ಮಧ್ಯಾಹ್ನ ಮಲಗಿದವಳು ಏಳಲಿಲ್ಲ, ಅಷ್ಟೆ.

ಸುಗುಣ ಅತ್ತದ್ದು ಕಡಿಮೆ. ಆದರೆ ಹದಿಮೂರನೆಯ ದಿನ ಕಳೆದು ನೆಂಟರೆಲ್ಲ ಹೋದ ಮೇಲೆ ಮನೆಯಲ್ಲಿ ಬೈಯುವವರೇ ಇಲ್ಲ ಎಂಬುದು ಅವಳ ಗಮನಕ್ಕೆ ಬಂತು. ಸಾರಿಗೆ ಬೇಕೆಂದೇ ಹುಳಿ ಹೆಚ್ಚು ಹಾಕಿ ನೋಡಿದಳಂತೆ. ಯಾರೂ ಏನೂ ಹೇಳಲಿಲ್ಲ. ಇದನ್ನು ಅವಳು ನನಗೆ ಹೇಳುವಾಗ ನಗಾಡುತ್ತಿದ್ದಳು. ನನಗೆ ನಗು ಬರಲಿಲ್ಲ.

ದೀಪಾವಳಿ ಕಳೆದ ವಾರ, ಕುಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಅವಳಿಗೆ ಮೊದಲ ಸಲ ಅದು ಬಂತು. ಎದೆ ಡಬಡಬ ಬಡಿದು, ಕೈ ತಣ್ಣಗಾಗಿ, ಉಸಿರು ಸಿಗದೆ, ಇಲ್ಲಿಗೆ ಮುಗಿಯಿತು ಎಂದುಕೊಂಡಳು. ಆಸ್ಪತ್ರೆಗೆ ಹಾಕಿದರು, ಇಸಿಜಿ ತೆಗೆದರು. ಹೃದಯ ಕಲ್ಲಿನಷ್ಟು ಗಟ್ಟಿ. ಮತ್ತೆರಡು ಸಲ ಹಾಗೇ ಆಯಿತು, ಮತ್ತೆರಡು ಸಲ ಇಸಿಜಿ. ಇದು ಹೃದಯದ ಕಾಯಿಲೆಯಲ್ಲ, ಗಾಬರಿಯ ಕಾಯಿಲೆ, ಒಂಟಿತನವೂ ಸೇರಿದೆ ಎಂದು ಡಾಕ್ಟರು ಹೇಳಿದಾಗ ಸುಗುಣಳಿಗೆ ಅವಮಾನವೇ ಆಯಿತು. “ನಾನ್ ಹೆದ್ರುದಾ? ಅವ್ರಿಗೆ ನಾನ್ ಯಾರ್ ಅಂದೇಳಿ ಗೊತ್ತಿಲ್ಲೆ” ಎಂದಳು. ಹಾಗೆಂದವಳು ಬಸ್ಸು ಹತ್ತುವುದನ್ನು ಬಿಟ್ಟಳು. ಜನವರಿಯಲ್ಲಿ ಮಾರ್ಕೆಟ್ಟಿನ ಗದ್ದಲದ ನಡುವೆಯೂ ಒಮ್ಮೆ ಅದು ಬಂದದ್ದೇ, ಮೀನು ಮಾರುವುದನ್ನೂ ಬಿಟ್ಟಳು.

ಇಲ್ಲಿ ನಮ್ಮ ಮಾರ್ಕೆಟ್ಟಿನ ಒಂದು ಕ್ರಮ ಹೇಳಬೇಕು. ಅಲ್ಲಿ ಪ್ರತಿಯೊಬ್ಬಳಿಗೂ ಒಂದು ಮಣೆ, ಮಣೆ ಇಟ್ಟ ಜಾಗ ಅವಳದ್ದು. ಹೆರಿಗೆಯೋ ಕಾಯಿಲೆಯೋ ಬಂದು ಬರಲಾಗದವಳು ಮಣೆಯನ್ನು ಕವುಚಿ ಹೋಗುತ್ತಾಳೆ. ಕವುಚಿದ ಮಣೆಯ ಮೇಲೆ ಯಾರೂ ಕೂರುವಂತಿಲ್ಲ. ಆದರೆ ಮಳೆಗಾಲದ ರಜೆ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದು ಹೊಸ ಮೀನು ಬಂದ ದಿನವೂ ಮಣೆ ಕವುಚಿಯೇ ಇದ್ದರೆ ಆ ಜಾಗ ಹೋಯಿತು, ಬೇಕಾದವರು ಕೂರಬಹುದು. ಸುಗುಣಳ ಜಾಗ ಅತ್ತೆಯಿಂದ ಬಂದದ್ದು, ಬಾಗಿಲ ಬದಿಯದು, ಗಾಳಿ ಬೆಳಕು ಎರಡೂ ಇರುವಂಥದು. ಪಕ್ಕದ ಮಣೆಯ ಬಾಬಿ ಫೆಬ್ರವರಿಯಿಂದಲೇ ಆ ಜಾಗ ತನ್ನ ಸೊಸೆ ತೃಷಾಳಿಗೆ ಬೇಕು ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಆ ಜಾಗ ಹೋದರೆ ಸುಗುಣಳಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ. ಮನೆಯ ಒಳಗೇ ಕೂತು ಬಾಗಿಲು ಹಾಕಿಕೊಳ್ಳುವ ಹೆಂಗಸಾಗಿಬಿಡುತ್ತಾಳೆ ಎಂದು ನನಗೆ ಹೆದರಿಕೆಯಾಯಿತು. ಇನ್ನೊಂದು ಸತ್ಯವನ್ನೂ ಹೇಳುತ್ತೇನೆ. ಅವಳು ಮೀನು ಮಾರುವುದು ಬಿಟ್ಟ ಮೇಲೆ ನನಗೆ ಒಳ್ಳೆಯ ಮೀನು ತಿಂದು ಗೊತ್ತಿರಲಿಲ್ಲ.

ಮೇ ತಿಂಗಳಲ್ಲಿ ಅವಳೇ ನಮ್ಮ ಅಂಗಳಕ್ಕೆ ಬಂದಳು.

“ಡಾಕ್ಟ್ರೇ, ನಂಗೊಂದ್ ನಾಯಿ ಬೇಕಿತ್ತ್.”

“ಎಂತಕ್ಕೆ? ಮನಿ ಕಾವುಕಾ?”

“ಅಲ್ಲ ಮಾರ್ರೆ. ನನ್ನ ಕಾವುಕೆ.”

ನವ್ಯಶ್ರೀ ಯಾರೋ ಕೌನ್ಸೆಲರನ್ನು ಕೇಳಿದ್ದಳಂತೆ. ಮನೆಯಲ್ಲಿ ಒಂದು ಜೀವ ಇರಲಿ, ನಾಯಿ ಆದರೆ ಒಳ್ಳೆಯದು ಅಂದರಂತೆ. ನನಗೆ ಮೊದಲು ಸಿಟ್ಟು ಬಂತು. ನಾಯಿಗೆ ಜ್ವರ ಬಂದರೆ ನಾವು ಮದ್ದು ಕೊಡಬೇಕು, ನಮಗೆ ಗಾಬರಿ ಬಂದರೆ ನಾಯಿ ಮದ್ದು ಕೊಡಬೇಕಾ? ಆದರೆ ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಎಂಥ ನಾಯಿ ಬೇಕು ಎಂದು ಕೇಳಿದೆ.

“ಸಣ್ಣ ಮರಿ ಬ್ಯಾಡ, ನಂಗ್ ತಾಳ್ಮಿ ಇಲ್ಲೆ. ಮೈಮೇಲ್ ಹಾರೂದ್ ಬ್ಯಾಡ. ಮಾತಾಡ್ರೆ ಕೂಕಂಡ್ ಕೇಳ್ಕ್. ಅಷ್ಟೇ ಸಾಕ್.”

ನನ್ನ ತಲೆಗೆ ತಟ್ಟನೆ ಹೊಳೆದದ್ದು ಬ್ರಹ್ಮಾವರದ ಪ್ರೇಮಾನಂದ ಐತಾಳರ ನಾಯಿ. ಐತಾಳರು ಮದುವೆ, ಉಪನಯನಗಳ ಅಡುಗೆಗೆ ಹೋಗುವವರು. ಮೈಸೂರಿನಲ್ಲಿ ಕ್ಯಾಂಟೀನು ಹಿಡಿದು ಆ ತಿಂಗಳ ಕೊನೆಗೆ ಹೊರಟಿದ್ದರು. ಅಲ್ಲಿ ಬಾಡಿಗೆ ಮನೆಯವರು ನಾಯಿ ಬೇಡ ಅಂದಿದ್ದರಿಂದ ಅದಕ್ಕೊಂದು ಮನೆ ಹುಡುಕುತ್ತಿದ್ದರು. ಕಂದು ಬಣ್ಣದ, ಉರುಟುರುಟಾದ ನಾಲ್ಕು ವರ್ಷದ ಊರು ನಾಯಿ. ಹೆಸರೂ ಹಾಗೇ, ಎಣ್ಣೆಯಲ್ಲಿ ಕರಿದ ಸಿಹಿ ಉಂಡೆಯದು, ಸುಕ್ರುಂಡೆ. ನಾನು ಹೋಗಿ ಹಲ್ಲು ನೋಡಿದೆ, ಕಿವಿ ನೋಡಿದೆ, ಉಣ್ಣಿ ಇದೆಯಾ ಎಂದು ಬೆರಳಿನ ಸಂದು ಬಿಡಿಸಿ ನೋಡಿದೆ, ರೇಬಿಸ್ ಚುಚ್ಚಿಸಿದ ಚೀಟಿ ನೋಡಿದೆ. ಎಲ್ಲ ಸರಿ ಇತ್ತು. ಅದು ಏನು ತಿನ್ನುತ್ತದೆ ಎಂದು ಕೇಳಲಿಲ್ಲ. ಇಪ್ಪತ್ತೆಂಟು ವರ್ಷ ಸರ್ವಿಸಿನಲ್ಲಿ ಯಾವ ನಾಯಿಯ ಬಗ್ಗೆಯೂ ಆ ಪ್ರಶ್ನೆ ಕೇಳುವ ಪ್ರಸಂಗ ನನಗೆ ಬಂದಿರಲಿಲ್ಲ.

ನಾಯಿಯನ್ನು ರಿಕ್ಷಾದಲ್ಲಿ ತಂದು, ಯಾರ ಮನೆಯದು ಎಂದು ಹೇಳಿ, ಸುಗುಣಳ ಅಂಗಳದಲ್ಲಿ ಬಿಟ್ಟು ಬಂದೆ. ಸುಕ್ರುಂಡೆ ಎನ್ನುವುದು ಅವಳ ಬಾಯಲ್ಲಿ ಅರ್ಧ ಗಂಟೆಯೊಳಗೆ ‘ಸುಕ್ರ’ ಆಯಿತು. ಸಂಜೆಗೆ ಫೋನು.

“ಹ್ವಾಯ್ ಡಾಕ್ಟ್ರೇ, ಇದೆಂತ ನಾಯಿ ಮಾರ್ರೆ! ಬಂಗ್ಡಿ ಹಾಕ್ರೆ ಮೂಸಿ ಸಾ ಕಾಂತಿಲ್ಲೆ!”

ಹೊಸ ಜಾಗ, ಸ್ವಲ್ಪ ಹೊತ್ತು ಬಿಡು ಎಂದೆ. ಮರುದಿನ ಬೆಳಿಗ್ಗೆ ಮತ್ತೆ ಫೋನು. ಬೈಗೆ ಎಂಬ ಸಣ್ಣ ಮೀನು ಸುಟ್ಟು ಹಾಕಿದ್ದಾಯಿತಂತೆ, ತಿನ್ನಲಿಲ್ಲ. ಮಧ್ಯಾಹ್ನ ಫೋನು. ಕಾಣೆಯನ್ನು ರವೆಯಲ್ಲಿ ಹುರಿದು ಮುಳ್ಳು ಬಿಡಿಸಿ ಹಾಕಿದ್ದಾಯಿತು, ತಿನ್ನಲಿಲ್ಲ. ಸಂಜೆ ಸಿಗಡಿ ಸುಕ್ಕ. ಸಿಗಡಿಯನ್ನು ಕಂಡು ಅದು ಎದ್ದು ಹೋಗಿ ತೆಂಗಿನಮರದ ಬುಡದಲ್ಲಿ ಕೂತಿತಂತೆ. ಮೂರನೆಯ ದಿನದ ಫೋನಿನಲ್ಲಿ ಸುಗುಣಳ ಧ್ವನಿ ಏರಿದ್ದು ಹೇಗಿತ್ತೆಂದರೆ ನಾನು ಫೋನನ್ನು ಕಿವಿಯಿಂದ ಅರ್ಧ ಮೊಳ ದೂರ ಹಿಡಿಯಬೇಕಾಯಿತು.

“ಅಂಜಲ್ ಹಾಕ್ದೆ! ಅಂಜಲ್! ನಮ್ಮನಿಯವ್ರಿಗೂ ಅಷ್ಟ್ ದೊಡ್ಡ್ ತುಂಡ್ ಹಾಕ್ಲಿಲ್ಲ ನಾನ್. ಇದ್ ಮುಖ ತಿರ್ಗಿಸ್ಕಂಡ್ ಕೂಕಂತ್! ನನ್ ಮೀನಿಗೆ ಇಷ್ಟ್ ವರ್ಷದಗೆ ಯಾರೂ ಹಾಂಗ್ ಮಾಡ್ಲಿಲ್ಲ!”

ಆ ದಿನ ರಜೆಯಲ್ಲಿ ಮನೆಗೆ ಬಂದಿದ್ದ ಬಚ್ಚ ಹಿಂದಿನಿಂದ ಹೇಳುವುದು ಕೇಳಿಸಿತು. “ಮೀನ್ ತಿನ್ನದ್ ನಾಯಿನ ನಾನ್ ಮಲ್ಪೆಯಗೂ ಕಾಣ್ಲಿಲ್ಲ. ಹೆಣ್ಣೆ, ಬೋಟಿನವ್ರಿಗೆ ಮಾತ್ರ ಹೇಳ್ಬೇಡ, ನಗಾಡ್ತ್ರ್.”

ನನಗೆ ಅಲ್ಲಿಗೆ ವಿಷಯ ಹೊಳೆಯಿತು, ಬೆವರೂ ಇಳಿಯಿತು. ನಾಲ್ಕು ವರ್ಷ ಸಾಂಬಾರು, ಅನ್ನ, ಪಾಯಸ, ಹೋಳಿಗೆಯ ಮೇಲೆ ಬೆಳೆದ ನಾಯಿ ಅದು. ಮೀನಿನ ವಾಸನೆಯನ್ನೇ ಅದು ಹತ್ತಿರದಿಂದ ಕಂಡದ್ದಿಲ್ಲ. ನಾಳೆ ನಾನೇ ಬಂದು ನೋಡುತ್ತೇನೆ ಎಂದು ಫೋನಿಟ್ಟೆ. ಸುಗುಣ ನಾನು ಬರುವವರೆಗೆ ಕಾಯುವವಳಲ್ಲ.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಸುಗುಣ ಹೇಳಿದ್ದು, ಐತಾಳರು ಹೇಳಿದ್ದು, ಬಸ್ಸಿನ ಕಂಡಕ್ಟರ್ ಮಿಥುನ್ ಹೇಳಿದ್ದು ಮೂರನ್ನೂ ಸೇರಿಸಿದ್ದೇನೆ. ಐತಾಳರದ್ದರಲ್ಲಿ ಒಗ್ಗರಣೆ ಸ್ವಲ್ಪ ಜಾಸ್ತಿ.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಸುಗುಣ ನಾಯಿಯ ಕುತ್ತಿಗೆಗೆ ಹಗ್ಗ ಹಾಕಿ ಹೆದ್ದಾರಿಗೆ ಬಂದು ಉಡುಪಿ ಬಸ್ಸಿಗೆ ಕೈ ಅಡ್ಡ ಹಿಡಿದಳು. ಮಿಥುನ್ ಬಾಗಿಲಲ್ಲೇ ತಡೆದ.

“ಅಕ್ಕ, ನಾಯಿ ಹತ್ಸುಕೆ ಆತಿಲ್ಲೆ.”

“ಇದ್ ನಾಯಿ ಅಲ್ಲ, ಭಟ್ರ್! ಎರಡ್ ಟಿಕೇಟ್ ಕೊಡ್. ಬ್ರಹ್ಮಾರ.”

ಅವಳ ಕಣ್ಣು ಕಂಡು ಮಿಥುನ್ ಎರಡು ಟಿಕೇಟು ಹರಿದು ಕೊಟ್ಟ. ಹಿಂದಿನ ಸೀಟಿನಲ್ಲಿ ಸುಗುಣ, ಅವಳ ಕಾಲಬುಡದಲ್ಲಿ ಸುಕ್ರ. ಕುಂದಾಪುರ ದಾಟಿತು, ಕೋಟ ದಾಟಿತು, ದಾರಿಯುದ್ದಕ್ಕೂ ಅವಳು ನಾಯಿಗೆ ಬೈಯುತ್ತಿದ್ದಳು. ಅಂಜಲ್ ಬೇಡ ಅನ್ನುವವನು ನೀನು ಯಾವ ದೊಡ್ಡ ಮನುಷ್ಯ, ನಿನ್ನ ಜಾತಕ ಏನು, ನಿನಗೆ ಬಡಿಸಿ ಬಡಿಸಿ ನನ್ನ ಸೊಂಟ ಹೋಯಿತು. ನಾಯಿ ತಲೆಯೆತ್ತಿ ಅವಳ ಮುಖವನ್ನೇ ನೋಡಿಕೊಂಡು ಎಲ್ಲವನ್ನೂ ಕೇಳಿತು. ಬಸ್ಸಿನವರು ನಕ್ಕು ನಕ್ಕು ಸುಸ್ತಾದರು. ಸಾಲಿಗ್ರಾಮದಲ್ಲಿ ಇಳಿಯಬೇಕಾಗಿದ್ದ ಒಬ್ಬರು ಜಗಳದ ಕೊನೆ ಕೇಳಲು ಬ್ರಹ್ಮಾವರದವರೆಗೆ ಬಂದರು ಎಂದು ಮಿಥುನ್ ಈಗಲೂ ಆಣೆ ಹಾಕುತ್ತಾನೆ.

ಐತಾಳರು ಅಂಗಳದಲ್ಲಿ ದೊಡ್ಡ ಕೊಪ್ಪರಿಗೆಗಳನ್ನು ಲಾರಿಗೆ ಹಾಕಲು ಕಟ್ಟಿಸುತ್ತಿದ್ದರು. ಸುಗುಣ ಕಾಲು ಗಂಟೆ ಎಡೆಬಿಡದೆ ನೀರಿಳಿಸಿದಳು. ಹಸಿವೆಯಿಂದ ಸಾಯಲಿ ಎಂದು ನಾಯಿ ಕೊಟ್ಟದ್ದಾ, ನಾಲ್ಕು ದಿನದಿಂದ ಬರೀ ನೀರು ಕುಡಿದುಕೊಂಡಿದೆ, ನನ್ನ ಮನೆಯಲ್ಲಿ ಒಂದು ಜೀವ ಉಪವಾಸ ಬೀಳುವುದಾ. ಐತಾಳರು ಎಲ್ಲ ಮುಗಿಯುವವರೆಗೆ ಕಾದು, ಮೆಲ್ಲಗೆ ಕೇಳಿದರು.

“ಬಾಳೆಲಿ ಹಾಕಿದ್ರಾ?”

“ಎಂತ ಎಲಿ?”

“ಬಾಳೆಲಿ. ಅಂವ ಬಟ್ಲಂಗೆ ಉಂಬುದಿಲ್ಲ. ಎಲಿ ಹಾಕಿ, ಅನ್ನ ಹಾಕಿ, ಸೌತೆಕಾಯಿ ಹುಳಿ ಬಡ್ಸ್ಕ್. ಎಲ್ಲರ್ದ್ ಊಟ ಆದ್ ಮೇಲೇ ಅಂವ ಉಂಬುದ್.”

ಸುಗುಣ ಸುಕ್ರನನ್ನು ನೋಡಿದಳು. ಐತಾಳರ ಹೆಂಡತಿ ಎಲೆ ತಂದು ಹಾಕಿದರು. ಸುಕ್ರ ಎಲೆಯ ಎದುರು ಬಾಲ ಮಡಚಿ ಕೂತು, ಅನ್ನ ಹುಳಿ ಎರಡೂ ಬಿದ್ದ ಮೇಲೆ ತಲೆ ಬಗ್ಗಿಸಿ, ಎಲೆಯನ್ನು ಕದಲಿಸದೆ, ಕೊನೆಯ ಅಗುಳಿನವರೆಗೆ ನೆಕ್ಕಿ ಮುಗಿಸಿತು. ಸುಗುಣಳಿಗೆ ನಗು ಬಂತು. ನಕ್ಕದ್ದು ಅಂದರೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಐತಾಳರೂ ನಕ್ಕರು, ಕೊಪ್ಪರಿಗೆ ಕಟ್ಟುವವರೂ ಹಗ್ಗ ಬಿಟ್ಟು ನಕ್ಕರು.

ನಗು ಕಡಿಮೆಯಾದ ಮೇಲೆ ಐತಾಳರು ಸುಮ್ಮನೆ ಮಾತಿಗೆ ಕೇಳಿದರು.

“ಅಲ್ಲ, ಇದನ್ನ ಕರ್ಕಂಡ್ ಹ್ಯಾಂಗ್ ಬಂದ್ರಿ?”

“ಬಸ್ಸಂಗೆ” ಎಂದಳು ಸುಗುಣ. ಎಂದವಳು ಅಲ್ಲೇ ನಿಂತಳು.

ಆರು ತಿಂಗಳಿಂದ ಅವಳು ಬಸ್ಸು ಹತ್ತಿರಲಿಲ್ಲ. ಸಿಟ್ಟಿನ ಭರದಲ್ಲಿ ಹೆದರಬೇಕು ಎಂಬುದೇ ಮರೆತುಹೋಗಿತ್ತು. ನೆನಪಾದ ಕೂಡಲೇ ಎದೆ ಬಡಿಯಲು ಸುರುವಾಯಿತು. ಜಗಲಿಯ ಮೇಲೆ ಕುಸಿದಳು. ಐತಾಳರ ಹೆಂಡತಿ ಬೆಲ್ಲ ನೀರು ತರಲು ಒಳಗೆ ಓಡಿದರು. ಸುಕ್ರ ಬಂದು ಅವಳ ಎರಡೂ ಪಾದಗಳ ಮೇಲೆ ತನ್ನ ಪೂರ್ತಿ ಭಾರ ಹಾಕಿ ಮಲಗಿತು, ಉಂಡ ಹೊಟ್ಟೆಯ ನಿದ್ದೆಗೆ. ಅವಳು ಅದರ ಬೆನ್ನಿನ ಮೇಲೆ ಕೈ ಇಟ್ಟಳು. ಬೆನ್ನು ಏರಿತು, ಇಳಿಯಿತು, ಮತ್ತೆ ಏರಿತು. ಅದನ್ನೇ ನೋಡಿಕೊಂಡು ಕೂತಳು. ಬೆಲ್ಲ ನೀರು ಬರುವ ಹೊತ್ತಿಗೆ ಅವಳ ಉಸಿರೂ ಅದರ ಜೊತೆಗೇ ಏರಿಳಿಯುತ್ತಿತ್ತು. ಅಷ್ಟು ತಿಂಗಳು ಅವಳು ಆ ಗಾಬರಿ ಬರುವುದನ್ನು ಮಾತ್ರ ಕಂಡಿದ್ದಳು. ಅದು ಹೋಗುವುದನ್ನು ಕೂತು ಕಂಡದ್ದು ಅದೇ ಮೊದಲು.

ವಾಪಸು ಬಂದು ಬಸ್ಸಿನಿಂದ ಇಳಿಯುವಾಗ ಮೂರು ಸೌತೆಕಾಯಿಯ ಚೀಲ ತಲೆಯ ಮೇಲೆ. ಮೀನುಗಾರ್ತಿಯ ತಲೆಯ ಮೇಲೆ ಸೌತೆಕಾಯಿ ಕಂಡು ತ್ರಾಸಿ ಕ್ರಾಸಿನವರು ಕಣ್ಣು ಕಣ್ಣು ಬಿಟ್ಟರು.

ಅಲ್ಲಿಂದ ಆ ಮನೆಯಲ್ಲಿ ಮತ್ತೆ ಜಗಳ ಕೇಳಿಸತೊಡಗಿತು. ಹುಳಿಗೆ ಉಪ್ಪು ಕಡಿಮೆಯಾದರೆ ಸುಕ್ರ ಎಲೆಯನ್ನು ಮೂಗಿನಿಂದ ಒಂದು ಗೇಣು ಮುಂದೆ ತಳ್ಳುತ್ತಿತ್ತು. ನಾಯಿಗೆ ಉಪ್ಪು ಒಳ್ಳೆಯದಲ್ಲ ಎಂದು ನಾನು ಹೇಳಿದರೆ ಸುಗುಣ ಕೇಳಬೇಕಲ್ಲ! “ಅತ್ತಿ ಕಾಲದಗೂ ಇಷ್ಟ್ ಉಪದ್ರ ಇರ್ಲಿಲ್ಲ” ಎಂದು ಬೈಯುತ್ತಾ, ಬೈಯುತ್ತಾ, ಎಲೆ ಒರೆಸಿ ಮತ್ತೆ ಬಡಿಸುತ್ತಿದ್ದಳು. ಅಕ್ಕಪಕ್ಕದವರಿಗೆ ಕಿವಿಗೆ ತಂಪಾಯಿತು. ಕೊನೆಗೆ ನಾನು ಹಟ ಹಿಡಿದು ಉಪ್ಪು ನಿಲ್ಲಿಸಿ, ಮೊಟ್ಟೆಯನ್ನಾದರೂ ಕೊಡು ಎಂದೆ. ಮೊಟ್ಟೆಯ ವಿಷಯದಲ್ಲಿ ಸುಕ್ರ ಒಂದು ವಾರ ಆಲೋಚನೆ ಮಾಡಿ ಒಪ್ಪಿಕೊಂಡಿತು. ಐತಾಳರಿಗೆ ಇದನ್ನು ಯಾರೂ ತಿಳಿಸಿಲ್ಲ.

ಜೂನು ಬಂತು, ಮಳೆಗಾಲದ ರಜೆಗೆ ಬೋಟುಗಳು ದಡ ಏರಿದವು. ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ನಾಡದೋಣಿಯ ನಾಲ್ಕು ಮೀನು ಬಿಟ್ಟರೆ ಮತ್ತೇನಿಲ್ಲ, ಮಧ್ಯಾಹ್ನ ಎಲ್ಲ ಖಾಲಿ. ಒಂದು ಮಧ್ಯಾಹ್ನ ಜೋರು ಮಳೆಯಲ್ಲಿ ನಾನು ಕೊಡೆ ಹಿಡಿದು ಅಲ್ಲಿಂದ ಹೋಗುತ್ತಿದ್ದೆ. ಒಳಗಿನಿಂದ ಆ ಹಳೆಯ ಗಂಟಲು!

“ಬನ್ನಿ ಬನ್ನಿ, ಈಗಷ್ಟೇ ಬಂದ ಅಂಜಲ್! ಅಕಾ ಕಾಣಿ, ಕಣ್ಣ್ ಹ್ಯಾಂಗ್ ಹೊಳೀತ್!”

ಇಣುಕಿ ನೋಡಿದರೆ ಇಡೀ ಮಾರ್ಕೆಟ್ಟಿನಲ್ಲಿ ಒಂದು ಮೀನಿಲ್ಲ. ಕವುಚಿದ ಮಣೆಯ ಪಕ್ಕದ ನೆಲದಲ್ಲಿ ಸುಗುಣ ಕೂತಿದ್ದಾಳೆ, ಎದುರಿಗೆ ಸುಕ್ರ. ಮೊದಲ ವಾರ ಬಾಗಿಲವರೆಗೆ, ಎರಡನೆಯ ವಾರ ಒಳಗೆ, ಈಗ ಹೀಗೆ ಎಂದು ಅವಳೇ ಹೇಳಿದಳು. ಹೊಸ ಮೀನು ಬರುವ ದಿನಕ್ಕೆ ಅಭ್ಯಾಸವಂತೆ. ನನಗೆ ಏನಾಯಿತೋ, ಕೊಡೆ ಮಡಚಿ ಎದುರು ಕೂತೆ.

“ಅಂಜಲ್ ಹಳ್ತ್ ಕಾಣತ್ತಲ್ಲ ಸುಗುಣ” ಎಂದೆ.

“ಹಳ್ತಾ? ನಿಮ್ ಕಣ್ಣ್ ಹಳ್ತ್ ಡಾಕ್ಟ್ರೇ!”

ಇಲ್ಲದ ಮೀನಿಗೆ ನಾವಿಬ್ಬರೂ ಹತ್ತು ನಿಮಿಷ ಚೌಕಾಸಿ ಮಾಡಿದೆವು. ಬಾಲದ ಬದಿ ಬೇಡ, ನಡುವಿನ ತುಂಡು ಕೊಡು ಎಂದು ನಾನು, ತಲೆಯೂ ತೆಗೆದುಕೊಳ್ಳಿ ಎಂದು ಅವಳು. ಕೊನೆಗೆ ಪೇಪರಿನಲ್ಲಿ ಗಾಳಿಯನ್ನು ಕಟ್ಟಿ ಕೊಟ್ಟಳು. ಮನೆಯಲ್ಲಿ ನನ್ನ ಹೆಂಡತಿ ಬಿಚ್ಚಿ ನೋಡಿ, ನಿವೃತ್ತಿಯಾದ ಮೇಲೆ ಹೀಗಾಗುತ್ತದೆ ಎಂದು ಯಾರೋ ಹೇಳಿದ್ದರು ಎಂದಳು. ನಾನು ಆ ದಿನ ತುಂಬ ಖುಷಿಯಲ್ಲಿದ್ದೆ. ಅವಳ ಮಾತು ತಾಗಲಿಲ್ಲ.

ಆಗಸ್ಟಿನ ಎರಡನೆಯ ವಾರ ಹೊಸ ಮೀನು ಬಂತು. ಬೆಳಿಗ್ಗೆ ಏಳಕ್ಕೇ ನಾನು ಅಲ್ಲಿದ್ದೆ, ಕೈಯಲ್ಲಿ ದೊಡ್ಡ ಚೀಲ. ಬಾಬಿ ನನಗಿಂತ ಮೊದಲೇ ಬಂದು, ಸೊಸೆ ತೃಷಾಳನ್ನು ಹೊಸ ಕತ್ತಿಯ ಜೊತೆ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದಳು. ಕಣ್ಣೆಲ್ಲ ಕವುಚಿದ ಮಣೆಯ ಮೇಲೆ. ಅಷ್ಟರಲ್ಲಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಸುಗುಣ ಬಂದಳು, ಹಿಂದಿನಿಂದ ಹಗ್ಗವಿಲ್ಲದೆ ಸುಕ್ರ. ಬುಟ್ಟಿ ಇಳಿಸಿ, ಯಾರ ಮುಖವನ್ನೂ ನೋಡದೆ, ಮಣೆಯನ್ನು ಮಗುಚಿ ನೇರ ಇಟ್ಟು ಕೂತಳು. ತೃಷಾ ಕತ್ತಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

“ಹೆಣ್ಣೆ, ತಲಿ ಸಮ ಇತ್ತಾ?” ಎಂದು ಬಾಬಿ ಕೂಗಿದಳು. “ನಾವ್ ದಿನ ಇಡೀ ನಾಯಿ ಓಡ್ಸುದ್, ನೀನ್ ನಾಯಿನೇ ಕರ್ಕಂಡ್ ಬಪ್ಪುದಾ?”

ಉಳಿದ ಹೆಂಗಸರೂ ದನಿಗೂಡಿಸಿದರು. ನ್ಯಾಯವಾದ ಮಾತೇ. ಮೀನು ಮಾರ್ಕೆಟ್ಟಿಗೆ ನಾಯಿ ತರುವುದು ಅಂದರೆ ಏನು? ಡಾಕ್ಟ್ರು ಹೇಳಲಿ ಎಂದು ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಇಪ್ಪತ್ತೆಂಟು ವರ್ಷದ ಗತ್ತನ್ನೆಲ್ಲ ಗಂಟಲಿಗೆ ತಂದುಕೊಂಡು, “ಈ ನಾಯಿ ಮೀನು ಮುಟ್ಟುವುದಿಲ್ಲ” ಎಂದೆ. ಮಾರ್ಕೆಟ್ಟು ಇಡೀ ನಕ್ಕಿತು. ಅದು ಸುಕ್ರನಿಗಲ್ಲ, ನನ್ನ ಸರ್ವಿಸಿಗೆ ನಕ್ಕ ನಗು.

ಬಾಬಿ ಎದ್ದಳು. ಒಂದು ಬಂಗುಡೆ ತಂದು ಸುಕ್ರನ ಮೂಗಿನೆದುರು ಇಟ್ಟಳು. ಸುಕ್ರ ಮೀನನ್ನು ನೋಡಿತು, ಬಾಬಿಯನ್ನು ನೋಡಿತು. ಬಾಬಿ ಇನ್ನೂ ಎರಡು ಇಟ್ಟಳು. ಯಾರೋ ಸಿಗಡಿ ಎಸೆದರು. ಕೊನೆಗೆ ಬಾಬಿ ತನ್ನ ಬುಟ್ಟಿಯಿಂದ ಅಂಜಲಿನ ತುಂಡು ಕತ್ತರಿಸಿ ತಂದಳು. ಸುಕ್ರ ಎದ್ದು, ಒಂದು ಹೆಜ್ಜೆ ಹಿಂದೆ ಸರಿದು, ಎರಡು ಸಲ ಜೋರಾಗಿ ಸೀನಿ, ಗೋಡೆಯ ಕಡೆ ಮುಖ ಮಾಡಿ ಕೂತಿತು.

“ಅಯ್ಯೋ ದೇವ್ರೇ, ಇದ್ಕೆ ನಮ್ಮಿಂದ ಮೈಲಿಗಿ ಆಯ್ತ್ ಕಾಣಿ!” ಎಂದು ಹಿಂದಿನಿಂದ ಒಬ್ಬಳು ಹೇಳಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿರಾಕಿಗಳು ಚೀಲ ಬಿಟ್ಟು ನಕ್ಕರು. ಸುಕ್ರ ಇರಲಿ ಎಂದು ತೀರ್ಮಾನವಾಯಿತು.

ಒಂಬತ್ತರ ಹೊತ್ತಿಗೆ ಜನ ಮುತ್ತಿದರು. ಎರಡು ತಿಂಗಳು ಮೀನು ಕಾಣದ ಊರು, ಕೇಳಬೇಕಾ? ಸುಗುಣಳ ಎದುರು ಹದಿನೈದು ಜನ, ಹದಿನೈದು ಕೈ, ಹದಿನೈದು ಬಾಯಿ. ಅವಳ ಕತ್ತಿ ನಿಂತಿತು. ಮುಖ ಬಿಳುಚಿತು. ನನಗೆ ಗೊತ್ತಾಯಿತು, ಅದು ಬಂತು ಎಂದು. ರಿಕ್ಷಾ ಕರೆಯಲೆಂದು ನಾನು ತಿರುಗಿದೆ. ಅವಳು ಕೈ ಎತ್ತಿ ತಡೆದು, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಒಂಚೂರ್ ನಿಲ್ಲಿ. ನಂಗ್ ಎದಿ ಹೊಡ್ಕಂತಿತ್ತ್. ಹೆದ್ರಿಕಿ ಅದ್, ಬೇರೆಂತ ಅಲ್ಲ. ಐದ್ ನಿಮಿಷಕ್ಕೆ ಹೋತ್ತ್. ಹೋಪವ್ರ್ ಹೋಯ್ನಿ, ನಿಂಬವ್ರ್ ನಿಲ್ಲಿ.”

ಹಾಗೆಂದು ಮೀನಿನ ಕೈಯನ್ನೇ ಸುಕ್ರನ ಬೆನ್ನಿನ ಮೇಲೆ ಇಟ್ಟು ಕಣ್ಣು ಮುಚ್ಚಿದಳು. ಪಾಪದ ಜೀವ, ಆ ವಾಸನೆಯನ್ನು ಮೂಗು ಸುಕ್ಕಿಸಿಕೊಂಡು ಸಹಿಸಿತು. ನಾನು ಅವಳನ್ನು ಬಲ್ಲ ಇಷ್ಟು ವರ್ಷಗಳಲ್ಲಿ ಅವಳ ಬಾಯಿಂದ ತನಗೆ ಹೆದರಿಕೆ ಎಂಬ ಮಾತು ಬಂದದ್ದು ಅದೇ ಮೊದಲು.

ಕತ್ತಿ ಹಿಡಿದ ತೃಷಾ ಅತ್ತೆಯ ಮುಖ ನೋಡಿದಳು. ಆ ಜಾಗ ಹಿಡಿಯಲು ಇದಕ್ಕಿಂತ ಒಳ್ಳೆಯ ಹೊತ್ತು ಬಾಬಿಗೆ ಸಿಗುವಂತಿರಲಿಲ್ಲ.

“ತೃಷಾ, ಸುಗುಣನ ಗಿರಾಕಿಗೆ ಮೀನ್ ಕತ್ತರ್ಸಿ ಕೊಡ್” ಎಂದಳು ಬಾಬಿ. “ಮಣೆ ಮೇಲ್ ಕೂಕಣ್ಬೇಡ. ನಿಂತ್ಕಂಡೇ ಕೊಡ್.”

ಒಬ್ಬ ಗಿರಾಕಿಯೂ ಅಲ್ಲಿಂದ ಕದಲಲಿಲ್ಲ. ಐದು ನಿಮಿಷವಾಗಲಿಲ್ಲ, ನಾಲ್ಕಕ್ಕೇ ಸುಗುಣ ಕಣ್ಣು ಬಿಟ್ಟು, “ಹೆಣ್ಣೆ, ಕಾಣೆನ ಹಾಂಗ್ ಕತ್ತರ್ಸುದಾ? ಕೊಡ್ ಇಲ್ಲ್” ಎಂದು ತೃಷಾಳ ಕೈಯಿಂದ ಮೀನು ಕಿತ್ತುಕೊಂಡಳು. ಮತ್ತೆ ಆ ಗಂಟಲು ಹೆದ್ದಾರಿಯ ಆಚೆ ಬದಿಗೆ ಕೇಳಿಸಿತು. ನಾನು ನನ್ನ ಚೀಲಕ್ಕೆ ನಾಲ್ಕು ದಿನಕ್ಕಾಗುವಷ್ಟು ಮೀನು ತುಂಬಿಸಿದೆ. ಒಂದು ತುಂಡಿಗೂ ಚೌಕಾಸಿ ಮಾಡಲಿಲ್ಲ.

ಹನ್ನೆರಡರ ಮೇಲೆ ಬುಟ್ಟಿಗಳು ಖಾಲಿಯಾದವು. ಹೆಂಗಸರು ನೆಲ ತೊಳೆದು ಒಬ್ಬೊಬ್ಬರಾಗಿ ಹೊರಟರು, ತೃಷಾ ಐಸಿನ ಪೆಟ್ಟಿಗೆ ಇಡಲು ಹೊರಗೆ ಹೋದಳು. ಬಾಬಿ ಸುಮ್ಮನೆ ಬಂದು ಸುಕ್ರನ ಪಕ್ಕ ನೆಲದಲ್ಲೇ ಕೂತಳು. ಕೈಯನ್ನು ಎರಡು ಸಲ ಸೀರೆಗೆ ಒರೆಸಿ, ಅದರ ಬೆನ್ನ ಮೇಲೆ ಇಟ್ಟಳು.

“ನಂಗೂ ಹಾಂಗೇ ಆತ್ತ್ ಸುಗುಣ” ಎಂದಳು. “ಏಳ್ ವರ್ಷ ಆಯ್ತ್. ಮನಿಯಗ್ ಹೇಳ್ಲಿಲ್ಲ. ನೀನ್ ಇಪ್ಪ್ ಹೊತ್ತಿಗೆ ನಿನ್ ಬೊಬ್ಬಿ ಕೇಳ್ತಾ ಹ್ಯಾಂಗೋ ಕೂಕಂತಿದ್ದೆ. ನೀನ್ ಹೋದ್ ಮೇಲೆ ಈ ಬದಿ ಖಾಲಿ. ಒಬ್ಳಿಗೇ ಕೂಕಂಬುಕೆ ಆಯ್ಲಿಲ್ಲ. ಸೊಸಿಗೆ ಜಾಗ ಕೇಂಡದ್ ಅದ್ಕೇ.”

ಸುಗುಣ ಕತ್ತಿ ತೊಳೆಯುವುದನ್ನು ಬಿಟ್ಟು ಬಾಬಿಯ ಬದಿಗೆ ಸರಿದು ಕೂತಳು. ಬಾಬಿಯ ಕೈಯ ಕೆಳಗೆ ಸುಕ್ರನ ಬೆನ್ನು ಏರಿತು, ಇಳಿಯಿತು. ಆಮೇಲೆ ಸುಗುಣ, “ನಾಳಿಗ್ ಇದ್ರ್ ಊಟ ನೀನ್ ತಕಂಡ್ ಬಾ. ಉಪ್ಪ್ ಹಾಕ್ಬೇಡ, ಡಾಕ್ಟ್ರ್ ಬೈತ್ರ್” ಎಂದಳು.

ಮರುದಿನ ನಾನು ಹೋದಾಗ ಬಾಬಿ ತನ್ನ ಮಣೆಯನ್ನು ಸುಗುಣಳ ಮಣೆಯ ಕಡೆಗೆ ಎಳೆದುಕೊಂಡು ಕೂತಿದ್ದಳು. ನಡುವೆ ಒಂದು ನಾಯಿ ಮಲಗುವಷ್ಟು ಜಾಗ ಬಿಟ್ಟಿದ್ದಳು.